ಟವರ್, ಮೊಬೈಲ್, ರೇಡಿಯೋ ತರಂಗ: ಯಾವ ಅಧ್ಯಯನ ನಂಬೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಡಾಕ್ಟರ್ ಅಲ್ಲ, ಟವರ್ ಕಂಪನಿಯವನೂ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಟವರ್ ವಿಷಯ ಎದ್ದಾಗ ಯಾರಾದರೂ ಕರೆಯುತ್ತಾರೆ, ಹೋಗಿ ಮಾತಾಡಿ ಬರುತ್ತೇನೆ. ಜಗಲಿಯ ಮೇಲೆ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಾಗದದಲ್ಲಿ, ವಾಟ್ಸಾಪಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಮೊದಲ ಸುತ್ತು

ರೇಡಿಯೇಶನ್ ಅಂದ್ರೆ ರೇಡಿಯೇಶನ್ನೇ ಅಲ್ವಾ ಸರ್? ಎಕ್ಸ್‌ರೇ ಆದ್ರೆಂತ, ಟವರ್ ಆದ್ರೆಂತ?

ಹೆಸರು ಒಂದೇ, ಕೆಲಸ ಬೇರೆ. ಎಕ್ಸ್‌ರೇಯ ಒಂದೊಂದು ಕಣಕ್ಕೂ ಅಣುವಿನಿಂದ ಎಲೆಕ್ಟ್ರಾನ್ ಕಿತ್ತೆಸೆಯುವಷ್ಟು ಶಕ್ತಿ ಇದೆ. ಅದು ಡಿಎನ್‌ಎಯನ್ನು ನೇರವಾಗಿ ಮುರಿಯಬಲ್ಲದು. ಮೊಬೈಲ್ ತರಂಗದ ಕಣಕ್ಕೆ ಅದರ ಲಕ್ಷದಲ್ಲಿ ಒಂದು ಪಾಲು ಶಕ್ತಿಯೂ ಇಲ್ಲ. ನಮ್ಮ ಅಡುಗೆಮನೆ ಬಲ್ಬಿನ ಬೆಳಕಿನ ಕಣ ಕೂಡ ಅದಕ್ಕಿಂತ ಲಕ್ಷ ಪಟ್ಟು ಜೋರು.

ಹಾಗಂತ ರೇಡಿಯೋ ತರಂಗ ಏನೂ ಮಾಡುವುದಿಲ್ಲ ಅಂತಲ್ಲ. ಜಾಸ್ತಿಯಾದರೆ ಮೈ ಬಿಸಿಯಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಇದರಿಂದಲೇ. ಇದರಲ್ಲಿ ಯಾರಿಗೂ ತಕರಾರಿಲ್ಲ. ಮೈ ಬಿಸಿಯಾಗದಷ್ಟು ಕಡಿಮೆ ಪ್ರಮಾಣದಲ್ಲಿ, ವರ್ಷಗಟ್ಟಲೆ ತಾಗಿದರೆ ಬೇರೇನಾದರೂ ಆಗುತ್ತದಾ? ವಿಜ್ಞಾನಿಗಳ ಜಗಳವೆಲ್ಲ ಇರುವುದು ಈ ಒಂದು ಪ್ರಶ್ನೆಯ ಮೇಲೆ.

ಟವರಿಗೆ ಸರ್ಕಾರದ ಲಿಮಿಟ್ ಅಂತ ಏನಾದ್ರೂ ಉಂಟಾ?

ಉಂಟು. 2012ರ ಸೆಪ್ಟೆಂಬರ್ 1ರಿಂದ ಭಾರತ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಜ್ ತರಂಗಕ್ಕೆ ಹೊರಗೆ ಚದರ ಮೀಟರಿಗೆ 4.5 ವಾಟ್ ಇದ್ದದ್ದು ಇಲ್ಲಿ 0.45 ಆಯಿತು. ಅದೇ ದಿನದಿಂದ ಫೋನಿಗೂ ಹೊಸ ಮಿತಿ ಬಂತು: ಒಂದು ಗ್ರಾಂ ಅಂಗಾಂಶದ ಲೆಕ್ಕದಲ್ಲಿ ಕಿಲೋಗೆ 1.6 ವಾಟ್. ಮೈ ಹೀರಿಕೊಳ್ಳುವ ತರಂಗಶಕ್ತಿಯ ಈ ಲೆಕ್ಕಕ್ಕೆ ಎಸ್‌ಎಆರ್ ಅನ್ನುತ್ತಾರೆ. ಹೆಚ್ಚಿನ ಫೋನುಗಳಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಎಸ್‌ಎಆರ್ ಎಷ್ಟು ಅಂತ ಕಾಣುತ್ತದೆ. ನಿಮ್ಮೂರಿನ ಟವರಿನ ಲೆಕ್ಕ ನೋಡಲು 2017ರಲ್ಲಿ ದೂರಸಂಪರ್ಕ ಇಲಾಖೆ 'ತರಂಗ್ ಸಂಚಾರ್' ಎಂಬ ಜಾಲತಾಣ ಮಾಡಿದೆ. ಶುಲ್ಕ ಕಟ್ಟಿದರೆ ಬಂದು ಅಳೆದುಕೊಡುವ ವ್ಯವಸ್ಥೆಯೂ ಅದರಲ್ಲಿದೆ.

ಊರಿಗೆ ಟವರ್ ಬೇಡ ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೇವೆ. ನಿಮ್ಮ ಪ್ರಕಾರ ಅದು ತಪ್ಪಾ?

ಅರ್ಜಿ ಕೊಡುವುದು ನಿಮ್ಮ ಹಕ್ಕು. ಜಾಗದ ತಕರಾರು, ಜನರೇಟರ್ ಸದ್ದು, ಡೀಸೆಲ್ ಹೊಗೆ, ಇವೆಲ್ಲ ನಿಜವಾದ ಕಾರಣಗಳೇ. ತರಂಗದ ಭಯಕ್ಕೆ ಅಂತ ಕೊಟ್ಟಿದ್ದರೆ ಮಾತ್ರ ಒಂದು ಲೆಕ್ಕ ಹೇಳಬೇಕು.

ನಿಮ್ಮ ತಲೆಗೆ ತಾಗುವ ತರಂಗದ ದೊಡ್ಡ ಪಾಲು ಕಿವಿಗೆ ಒತ್ತಿಕೊಂಡ ಫೋನಿನದು, ದೂರದ ಟವರಿನದಲ್ಲ. ಆ ಫೋನು ಎಷ್ಟು ಜೋರಾಗಿ ಕೂಗಬೇಕು ಅಂತ ಟವರ್ ಹೇಳುತ್ತಿರುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಫೋನು ತನ್ನ ಶಕ್ತಿಯನ್ನು ನೂರಾರು ಪಟ್ಟು ಇಳಿಸಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಪೂರ್ತಿ ದಮ್ಮು ಹಾಕುತ್ತದೆ. ಗುಡ್ಡ ಹತ್ತಿ, ಮರದ ಬುಡದಲ್ಲಿ ಒಂದು ಕಾಲ ಮೇಲೆ ನಿಂತು ಮಾತಾಡುವವರ ಫೋನು ಬಿಸಿಯಾಗಿ ಬ್ಯಾಟರಿ ಕರಗುವುದಕ್ಕೆ ಇದೂ ಒಂದು ಕಾರಣ. ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಅಂತ ಒಂದು ಊರಲ್ಲಿ ಬೋರ್ಡು, ಟವರ್ ಬೇಡ ಅಂತ ಪಕ್ಕದ ಊರಲ್ಲಿ ಅರ್ಜಿ. ಎರಡೂ ನಮ್ಮಲ್ಲೇ.

ಈ ಸಂಗತಿ ಸಂಶೋಧನೆಗೂ ತೊಡಕು. 'ಟವರಿಗೆ ಹತ್ತಿರ ಇರುವವರಿಗೆ ತರಂಗ ಜಾಸ್ತಿ' ಅಂತ ಸುಮ್ನೆ ಲೆಕ್ಕ ಹಿಡಿದು ಮಾಡಿದ ಅಧ್ಯಯನದ ಬುಡವೇ ಅಲುಗಾಡುತ್ತದೆ. ಟವರಿನ ಆಂಟೆನಾ ಮುಂದಕ್ಕೆ ಎಸೆಯುತ್ತದೆ, ಬುಡಕ್ಕೆ ಕಡಿಮೆ. ಹತ್ತಿರದ ಮನೆಗಿಂತ ಎದುರಿನ ದಿಬ್ಬದ ಮನೆಗೆ ಜಾಸ್ತಿ ಬೀಳಬಹುದು. ದೂರವನ್ನು ಮಾರು ಹಾಕಿ ಅಳೆದರೆ ತರಂಗ ಅಳೆದ ಹಾಗಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಬರುತ್ತೆ ಅಂದಿದೆಯಲ್ಲ?

ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫ್ರಾನ್ಸಿನ ಲಿಯೋನ್‌ನಲ್ಲಿದೆ. 2011ರ ಮೇ ತಿಂಗಳಲ್ಲಿ 14 ದೇಶಗಳ 31 ವಿಜ್ಞಾನಿಗಳು ಅಲ್ಲಿ ಕೂತು ರೇಡಿಯೋ ತರಂಗವನ್ನು '2ಬಿ' ಗುಂಪಿಗೆ ಹಾಕಿದರು. 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸೀಮಿತ' ಎಂದು ಅದರ ಅರ್ಥ.

ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. ನಮ್ಮವರಿಗೆ ಇದನ್ನು ಅರ್ಥ ಮಾಡಿಸಲು ನನ್ನ ಹತ್ತಿರ ಒಂದು ಉದಾಹರಣೆ ಇದೆ. ಹೇಳಿದ ತಕ್ಷಣ ಸಭೆ ಗರಂ ಆಗುತ್ತದೆ. ಅದೇ ವಿಭಾಗ 2004ರಲ್ಲಿ ಅಡಿಕೆಯನ್ನು ಒಂದನೇ ಗುಂಪಿಗೆ ಹಾಕಿದೆ, ಅಂದರೆ 'ಕ್ಯಾನ್ಸರ್ ತರುವುದು ಖಚಿತ' ಎಂಬ ಗುಂಪಿಗೆ. ತಂಬಾಕೂ ಅದೇ ಗುಂಪಿನಲ್ಲಿದೆ. ಟವರ್ ಬಗ್ಗೆ ಆ ಸಂಸ್ಥೆಯ ಮಾತು ವೇದವಾಕ್ಯ, ಅಡಿಕೆ ಬಗ್ಗೆ ಮಾತ್ರ ವಿದೇಶಿ ಕುತಂತ್ರ ಅನ್ನುವವರನ್ನು ನಾನು ಒಂದೇ ಜಗಲಿಯಲ್ಲಿ, ಒಂದೇ ಹರಿವಾಣದ ಮುಂದೆ ನೋಡಿದ್ದೇನೆ. ನನ್ನ ಬಾಯಲ್ಲೂ ಆಗ ಎಲೆಯಡಿಕೆ ಕವಳ ಇತ್ತು, ಅದು ಬೇರೆ ವಿಷಯ.

## ಅಧ್ಯಯನವನ್ನು ಓದುವುದು ಹೇಗೆ

'ಕಂಟ್ರೋಲ್ ಗುಂಪು' ಅಂತ ಪದೇ ಪದೇ ಹೇಳ್ತೀರಿ. ಅದೆಂತದು?

ಅಡಿಕೆಗೆ ಬರುವ ಕೊಳೆ ರೋಗ ಗೊತ್ತಲ್ಲ. ಒಬ್ಬರು ಹೊಸ ಔಷಧಿ ತಂದು ತೋಟಕ್ಕೆಲ್ಲ ಹೊಡೆಸಿದರು. ಆ ವರ್ಷ ಕೊಳೆ ಬರಲಿಲ್ಲ. ಔಷಧಿ ಭಾರಿ ಒಳ್ಳೆಯದು ಅಂತ ಊರೆಲ್ಲ ಹೇಳಿದರು. ಆದರೆ ಆ ವರ್ಷ ಆಷಾಢದಲ್ಲಿ ಮಳೆಯೇ ಹಿಡಿದಿರಲಿಲ್ಲ. ಔಷಧಿ ಹೊಡೆಯದ ಪಕ್ಕದ ತೋಟದಲ್ಲೂ ಕೊಳೆ ಇರಲಿಲ್ಲ. ಆ ಪಕ್ಕದ ತೋಟವೇ ಕಂಟ್ರೋಲ್. ಅದೇ ಮಳೆ, ಅದೇ ಮಣ್ಣು, ಅಡಿಕೆ ಮರ ಹತ್ತುವ ಕೊನೆಗೌಡನೂ ಅವನೇ, ಔಷಧಿ ಒಂದು ಮಾತ್ರ ಬೇರೆ. ಅಂಥ ತೋಟ ಇಲ್ಲದೆ ಔಷಧಿಯ ಬಗ್ಗೆ ಏನೂ ಹೇಳಲಾಗದು.

ನಮ್ಮ ಬೀದಿಯಲ್ಲೇ ಮೂರು ಜನಕ್ಕೆ ಕ್ಯಾನ್ಸರ್. ಟವರ್ ಬಂದು ಆರು ವರ್ಷ. ಇನ್ನೆಂತ ಪುರಾವೆ ಬೇಕು?

ಇದನ್ನು ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರು ಕಾಯಿಲೆ ಬಿದ್ದಿರುತ್ತಾರೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಕೇಳಬೇಕಾದದ್ದು ಯಾವ ಕ್ಯಾನ್ಸರ್ ಅಂತ. ಒಬ್ಬರಿಗೆ ಬಾಯಿ, ಒಬ್ಬರಿಗೆ ಗರ್ಭಕೋಶ, ಒಬ್ಬರಿಗೆ ಹೊಟ್ಟೆ ಅಂದರೆ ಅವು ಮೂರು ಬೇರೆ ಕಾಯಿಲೆ, ಕಾರಣವೂ ಬೇರೆ. ಎರಡನೆಯದು, ಗೆರೆ ಎಲ್ಲಿ ಎಳೆದಿರಿ? ಕಾಯಿಲೆ ಬಂದ ಮನೆಗಳನ್ನು ನೋಡಿಕೊಂಡು ಆಮೇಲೆ 'ನಮ್ಮ ಬೀದಿ' ಅಂತ ಗುರುತು ಹಾಕಿದರೆ ಯಾವ ಊರಲ್ಲೂ ಇಂಥ ಬೀದಿ ಸಿಗುತ್ತದೆ. ಟವರ್ ಇಲ್ಲದ ಊರಲ್ಲೂ ಸಿಗುತ್ತದೆ.

ಮೂರನೆಯದಕ್ಕೆ ನಮ್ಮ ಜಿಲ್ಲೆಯದೇ ಎರಡು ಕತೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗ ಸತ್ತದ್ದಕ್ಕೂ ಜ್ವರಕ್ಕೂ ಸಂಬಂಧ ಇರಬಹುದು ಅಂತ ಊಹಿಸಿ ಬಿಟ್ಟುಬಿಡಲಿಲ್ಲ. ರೋಗಿಯ ರಕ್ತದಲ್ಲಿ ವೈರಸ್ ಹಿಡಿದರು, ಸತ್ತ ಮಂಗದಲ್ಲಿ ಅದನ್ನೇ ಹಿಡಿದರು, ಕಾಡಿನ ಉಣುಗಿನಲ್ಲೂ ಅದನ್ನೇ ಹಿಡಿದರು. ಒಂದೊಂದು ಕೊಂಡಿಯೂ ಕೂಡಿತು. ಮಂಗನ ಕಾಯಿಲೆಗೆ ಉಣುಗು ಕಾರಣ ಅಂತ ಇವತ್ತು ನಾವು ಅನುಮಾನವಿಲ್ಲದೆ ಹೇಳುತ್ತೇವೆ.

ಇನ್ನೊಂದು, 1970ರ ದಶಕದ ಮಧ್ಯದಲ್ಲಿ ಸಾಗರದ ಹತ್ತಿರ ಹಂದಿಗೋಡಿನಲ್ಲಿ ಕಂಡ ಕೀಲಿನ ಕಾಯಿಲೆ. ಸೊಂಟ, ಮೊಣಕಾಲು ಹಿಡಿದು ಜನ ನೆಟ್ಟಗೆ ನಿಲ್ಲಲಾಗದೆ ಹೋದರು. ಗದ್ದೆಗೆ ಕೀಟನಾಶಕ ಬರುತ್ತಿದ್ದ ಕಾಲ ಅದು. ವಿಷ ಬಿದ್ದ ಗದ್ದೆಯ ಏಡಿ ತಿಂದದ್ದರಿಂದಲೇ ಹೀಗಾಯಿತು ಎಂಬ ಅನುಮಾನ ಬಲವಾಗಿತ್ತು. ಕೇಳಿದರೆ ಯಾರಿಗಾದರೂ ಸರಿ ಅನಿಸುವ ವಿವರಣೆ. ಮುಂದೆ ಸಂಶೋಧಕರು ಮನೆಮನೆಯ ವಂಶಾವಳಿ ಬರೆದು ನೋಡಿದಾಗ ತಕ್ಕಡಿ ಬೇರೆ ಕಡೆ ವಾಲಿತು. ಕಾಯಿಲೆ ಕುಟುಂಬದಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು.

ಟವರ್ ಬಂದ ಮೇಲೆ ಕಾಯಿಲೆ ಬಂತು ಎಂಬುದು ಏಡಿಯ ಹಂತದ ಮಾತು. ಅದನ್ನು ತಳ್ಳಿಹಾಕಬೇಕಿಲ್ಲ, ಅಲ್ಲಿಗೇ ನಿಲ್ಲಿಸಲೂಬಾರದು.

ಎಷ್ಟು ಹೊತ್ತು ಫೋನಲ್ಲಿ ಮಾತಾಡಿದ್ರಿ ಅಂತ ರೋಗಿಗಳನ್ನೇ ಕೇಳಿದ್ರೆ ಗೊತ್ತಾಗಲ್ವಾ?

ನೀವು 2015ರಲ್ಲಿ ದಿನಕ್ಕೆ ಎಷ್ಟು ನಿಮಿಷ ಫೋನಲ್ಲಿ ಮಾತಾಡುತ್ತಿದ್ದಿರಿ? ಯಾವ ಕಿವಿಗೆ? ಉತ್ತರ ಹೇಳಿ ನೋಡೋಣ. ನನಗಂತೂ ಹೋದ ವಾರದ್ದೇ ನೆನಪಿಲ್ಲ.

13 ದೇಶಗಳು ಸೇರಿ ಮಾಡಿದ 'ಇಂಟರ್‌ಫೋನ್' ಅಧ್ಯಯನ ಸಿಕ್ಕಿಬಿದ್ದದ್ದು ಇಲ್ಲಿಯೇ. ಮಿದುಳಿನ ಗೆಡ್ಡೆ ಆದವರನ್ನೂ ಆರೋಗ್ಯವಂತರನ್ನೂ ಕೂರಿಸಿ ಹಿಂದಿನ ಫೋನ್ ಬಳಕೆ ಕೇಳಿದರು. 2010ರಲ್ಲಿ ಫಲಿತಾಂಶ ಬಂತು. ಫೋನ್ ಬಳಸುವವರಿಗೆ ಗ್ಲಿಯೋಮಾ ಎಂಬ ಗೆಡ್ಡೆಯ ಸಂಭವ ಬಳಸದವರಿಗಿಂತ ಕಡಿಮೆ ಅಂತ ಕಂಡಿತು, ಬಳಸದವರದು 1 ಅಂತ ಇಟ್ಟುಕೊಂಡರೆ ಬಳಸುವವರದು 0.81. ಫೋನ್ ಹಿಡಿದರೆ ಗೆಡ್ಡೆ ಬರುವುದಿಲ್ಲ ಅಂತಾಯಿತು! ಯಾರೂ ಅದನ್ನು ನಂಬಲಿಲ್ಲ. ಒಟ್ಟು 1,640 ಗಂಟೆಗಿಂತ ಜಾಸ್ತಿ ಮಾತಾಡಿದ ಗುಂಪಿನಲ್ಲಿ ಮಾತ್ರ 1.40, ಅಂದರೆ ಶೇಕಡ 40 ಹೆಚ್ಚು. ಪತ್ರಿಕೆಗಳು ಎತ್ತಿಕೊಂಡದ್ದು ಇದನ್ನೇ. ಆದರೆ ಆ ಗುಂಪಿನಲ್ಲಿ ದಿನಕ್ಕೆ 5 ಗಂಟೆಗೂ ಹೆಚ್ಚು ಮಾತಾಡುತ್ತಿದ್ದೆ ಅಂದವರೂ ಇದ್ದರು. ಕಾಲ್‌ಗೆ ನಿಮಿಷಕ್ಕಿಷ್ಟು ಅಂತ ದುಡ್ಡು ತೆರುತ್ತಿದ್ದ ಕಾಲ ಅದು.

ಎರಡು ದೋಷ ಇಲ್ಲಿವೆ. ಒಂದು ನೆನಪಿನದು. ಕಾಯಿಲೆ ಬಿದ್ದವರು ಕಾರಣ ಹುಡುಕುತ್ತಾ ಹಾಸಿಗೆಯಲ್ಲಿ ಹಳೆಯದನ್ನೆಲ್ಲ ಮೊಗೆಯುತ್ತಾರೆ, ಆರೋಗ್ಯವಂತರು 'ಏನೋ ಸ್ವಲ್ಪ' ಅಂದು ಎದ್ದು ಹೋಗುತ್ತಾರೆ. ಇನ್ನೊಂದು ಭಾಗವಹಿಸುವುದರದು. ಕರೆದ ಆರೋಗ್ಯವಂತರಲ್ಲಿ ಬಂದವರು ಶೇಕಡ 53 ಮಾತ್ರ. ಫೋನ್ ಇಲ್ಲದವರು 'ನಮಗ್ಯಾಕೆ' ಅಂತ ಬರಲಿಲ್ಲ. ಹೀಗಾಗಿ ಹೋಲಿಕೆಯ ಗುಂಪಿನಲ್ಲಿ ಫೋನ್ ಇದ್ದವರೇ ತುಂಬಿದರು, ಗೆಡ್ಡೆಯವರು ಕಡಿಮೆ ಬಳಸಿದ ಹಾಗೆ ಕಂಡಿತು. ಒಂದೇ ಅಧ್ಯಯನದಲ್ಲಿ ಒಂದು ತಪ್ಪು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. 0.81 ನಂಬದವರು 1.40ನ್ನು ಮಾತ್ರ ಹೇಗೆ ನಂಬುತ್ತಾರೋ ನನಗೆ ತಿಳಿಯದು. ಉಲ್ಟಾ ಮಾಡುವವರಿಗೂ ಇದೇ ಮಾತು.

ಹಾಗಾದ್ರೆ ನೆನಪನ್ನ ಕೇಳದೆ, ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇಲ್ವಾ?

ಇವೆ. ಡೆನ್ಮಾರ್ಕಿನಲ್ಲಿ 4,20,095 ಚಂದಾದಾರರ ಪಟ್ಟಿಯನ್ನು ದೇಶದ ಕ್ಯಾನ್ಸರ್ ದಾಖಲೆಯ ಜೊತೆ ಹೋಲಿಸಿದರು. ಹೆಚ್ಚಳ ಕಾಣಲಿಲ್ಲ. ಯಾರ ನೆನಪನ್ನೂ ಕೇಳಲಿಲ್ಲ, ಒಳ್ಳೆಯದೇ. ಆದರೆ ಕಂಪನಿ ಹೆಸರಲ್ಲಿದ್ದ ಎರಡು ಲಕ್ಷ ಫೋನುಗಳನ್ನು ಯಾರು ಬಳಸಿದರು ಅಂತ ಗೊತ್ತಾಗದೆ ಬಿಟ್ಟುಬಿಟ್ಟರು. ಆ ಕಾಲದಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದ ಆ ಜನ 'ಫೋನ್ ಇಲ್ಲದವರ' ಗುಂಪಿಗೆ ಸೇರಿಹೋದರು. ಹೀಗಾದಾಗ ಅಪಾಯ ಇದ್ದರೂ ಮಸುಕಾಗುತ್ತದೆ.

2022ರಲ್ಲಿ ಬ್ರಿಟನ್ನಿನ 7,76,156 ಹೆಂಗಸರ ಅಧ್ಯಯನದಲ್ಲೂ ಹೆಚ್ಚಳ ಸಿಗಲಿಲ್ಲ. ಅವರಲ್ಲಿ ಫೋನ್ ಬಳಸುತ್ತಿದ್ದವರ ಪೈಕಿ ವಾರಕ್ಕೆ ಅರ್ಧ ಗಂಟೆಯಾದರೂ ಮಾತಾಡುತ್ತಿದ್ದವರು ಶೇಕಡ 18 ಮಾತ್ರ. ನಮ್ಮ ಮನೆಯಲ್ಲಿ ಅಷ್ಟು ಒಂದು ಸಂಜೆಗೆ ಆಗುತ್ತದೆ.

ನನಗೆ ಇದ್ದುದರಲ್ಲಿ ಹೆಚ್ಚು ಒಪ್ಪಿಗೆಯಾಗುವುದು 'ಕಾಸ್ಮಾಸ್'. ಯುರೋಪಿನ ದೇಶಗಳಲ್ಲಿ ಆರೋಗ್ಯವಾಗಿರುವಾಗಲೇ ಜನರನ್ನು ಸೇರಿಸಿಕೊಂಡು, ಅವರು ಹೇಳಿದ್ದನ್ನು ಮೊಬೈಲ್ ಕಂಪನಿಯ ಕಾಲ್ ದಾಖಲೆಯ ಜೊತೆ ಸರಿಹೊಂದಿಸಿದರು. 2024ರಲ್ಲಿ 2,64,574 ಜನರ ಲೆಕ್ಕ ಬಂತು. ಜಾಸ್ತಿ ಮಾತಾಡಿದವರಿಗೆ ಗೆಡ್ಡೆ ಜಾಸ್ತಿ ಅಂತ ಕಾಣಲಿಲ್ಲ. ಕೊರತೆ ಇದಕ್ಕೂ ಇದೆ. ಹಿಂಬಾಲಿಸಿದ್ದು ಸುಮಾರು 7 ವರ್ಷ, ಅಷ್ಟರಲ್ಲಿ ಸಿಕ್ಕ ಗ್ಲಿಯೋಮಾ 149.

ನಂಗೆ ವೈಫೈ ಇರೋ ಕಡೆ ಕೂತ್ರೆ ತಲೆನೋವು ಬರುತ್ತೆ. ಸುಳ್ಳು ಹೇಳ್ತಿದೀನಾ?

ಖಂಡಿತ ಇಲ್ಲ. ತಲೆನೋವು ನಿಜ. ಅದು ತರಂಗದಿಂದ ಬಂತೋ, ತರಂಗ ಇದೆ ಎಂಬ ಯೋಚನೆಯಿಂದ ಬಂತೋ ಎಂಬುದು ಬೇರೆ ಪ್ರಶ್ನೆ. ಅದನ್ನು ಬಿಡಿಸಲು ಒಂದೇ ದಾರಿ: ತರಂಗ ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಕೂರಿಸಿ ನೋಡುವುದು.

ನಾನೊಮ್ಮೆ ಕ್ಲಾಸಿನಲ್ಲಿ ಇದನ್ನು ಮಾಡಿದೆ. ಎರಡು ಒಂದೇ ಥರದ ಬಟ್ಟೆ ಚೀಲ. ಒಂದರಲ್ಲಿ ಕಾಲ್ ಆನ್ ಇರುವ ಫೋನು, ಸೈಲೆಂಟ್ ಮಾಡಿದ್ದು. ಇನ್ನೊಂದರಲ್ಲಿ ಅಂಥದ್ದೇ ಸ್ವಿಚ್ ಆಫ್ ಆದ ಫೋನು. ನಾನು ಚೀಲ ಹಿಡಿದು ಒಬ್ಬ ಹುಡುಗಿಯ ತಲೆಯ ಹಿಂದೆ ನಿಲ್ಲುವುದು, ಅವಳು ಆನ್ ಅಥವಾ ಆಫ್ ಹೇಳುವುದು. ಮೊದಲ ಸುತ್ತಿನಲ್ಲಿ ಅವಳು ಬಹುಪಾಲು ಸರಿ ಹೇಳಿಬಿಟ್ಟಳು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ. ನನಗೆ ಬೆವರು. ಕೊನೆ ಬೆಂಚಿನ ಹುಡುಗ ಎದ್ದು, "ಸರ್, ಆನ್ ಇರುವಾಗ ನೀವು ಚೀಲವನ್ನ ಜೋಪಾನ ಹಿಡೀತೀರಿ. ಎದುರಿನ ಕಿಟಕಿ ಗಾಜಲ್ಲಿ ಅವಳಿಗೆ ಕಾಣ್ತದೆ" ಅಂದ. ಹೌದಲ್ಲ! ಎರಡನೇ ಸುತ್ತಿಗೆ ಚೀಲಗಳನ್ನು ಬೇರೊಬ್ಬರು ಹೊರಗೆ ಅದಲು ಬದಲು ಮಾಡಿ ತಂದರು. ಹಿಡಿದ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಈಗ ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದ ಹಾಗೆ.

ಇದಕ್ಕೇ ಡಬಲ್ ಬ್ಲೈಂಡ್ ಅನ್ನುವುದು. 2010ರ ಹೊತ್ತಿಗೆ ಇಂಥ 46 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ತಮಗೆ ತರಂಗ ತಾಗುತ್ತದೆ ಅಂತ ನಂಬಿದ 1,175 ಜನ ಅವುಗಳಲ್ಲಿ ಕೂತಿದ್ದರು. ಆನ್ ಯಾವುದು, ಆಫ್ ಯಾವುದು ಅಂತ ಅವರಿಂದ ಗುರುತಿಸಲಾಗಲಿಲ್ಲ. ಆನ್ ಅಂತ ಅಂದುಕೊಂಡಾಗ ಮಾತ್ರ ನೋವು, ಉರಿ ಬಂದದ್ದಂತೂ ನಿಜ. ಒಳ್ಳೆಯದಾಗುತ್ತದೆ ಅಂತ ನಂಬಿ ಸಕ್ಕರೆ ಗುಳಿಗೆ ನುಂಗಿದರೆ ನೋವು ಇಳಿಯುತ್ತದಲ್ಲ, ಅದರ ಉಲ್ಟಾ ಇದು. ನೋಸಿಬೋ ಅನ್ನುತ್ತಾರೆ.

ತಲೆನೋವಿಗೆ ಡಾಕ್ಟರ ಹತ್ತಿರ ಹೋಗಿ. ಬಿಪಿ, ಕನ್ನಡಕದ ನಂಬರ್, ನಿದ್ರೆ, ಇವನ್ನು ನೋಡದೆ ವೈಫೈ ಮೇಲೆ ಹಾಕಿ ಸುಮ್ಮನಿದ್ದರೆ ನಷ್ಟ ನಿಮ್ಮದೇ.

ಆನ್‌ಲೈನಲ್ಲಿ ಒಂದು ಮೀಟರ್ ತರಿಸಿದೀನಿ. ಮನೇಲಿ ಕೆಂಪು ಲೈಟ್ ಬರ್ತಿದೆ. ಈಗೆಂತ ಮಾಡೋದು?

ನಾನೂ ಒಂದು ತರಿಸಿದ್ದೆ. ಒಂದು ಊರಿನ ಸಭೆಯಲ್ಲಿ ಎಲ್ಲರೆದುರು ಹೊರತೆಗೆದು ಟವರ್ ಕಡೆ ಹಿಡಿದೆ. ಮುಳ್ಳು ಕೆಂಪಿಗೆ ಹಾರಿತು. "ನೋಡಿ, ಸಾರೇ ತೋರಿಸ್ತಿದಾರೆ" ಅಂತ ಗಲಾಟೆ. ಟವರಿಗೆ ಬೆನ್ನು ತಿರುಗಿಸಿದೆ, ಆಗಲೂ ಕೆಂಪು. ನನ್ನ ಅಂಗಿ ಜೇಬಿನಲ್ಲಿ ಫೋನಿಗೆ ಮನೆಯಿಂದ ಕಾಲ್ ಬರುತ್ತಿತ್ತು.

ಅಗ್ಗದ ಮೀಟರ್ ಯಾವ ತರಂಗ ಅಂತ ಬೇರೆ ಮಾಡುವುದಿಲ್ಲ. ಒಂದು ಕ್ಷಣದ ಏರಿಕೆ ತೋರಿಸುತ್ತದೆ. ಕೆಂಪು ಗೆರೆ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿದ್ದು ಅದನ್ನು ಮಾರಿದವರು. ಅಧ್ಯಯನಕ್ಕೆ ಬಳಸುವ ಮೀಟರ್ ಒಂದೊಂದು ಆವರ್ತನದ ತರಂಗಕ್ಕೂ ಬೇರೆ ಬೇರೆ ಲೆಕ್ಕ ಕೊಡುತ್ತದೆ, ಸರಿಯಿದೆಯಾ ಅಂತ ಆಗಾಗ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗುತ್ತದೆ. ಬೆಲೆ ಲಕ್ಷಗಳಲ್ಲಿ.

## ಇನ್ನೂ ಸ್ವಲ್ಪ ಒಳಗೆ

ಅಮೆರಿಕದಲ್ಲಿ ಇಲಿಗಳಿಗೆ ಕ್ಯಾನ್ಸರ್ ಬಂತಂತಲ್ಲ. ಅದೂ ಸುಳ್ಳಾ?

ಸುಳ್ಳಲ್ಲ. ಗಂಭೀರವಾಗಿ ಮಾಡಿದ ಕೆಲಸ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2018ರಲ್ಲಿ ಅಂತಿಮ ವರದಿ ಕೊಟ್ಟಿತು. ಇಲಿಗಳಿಗೆ ದಿನಕ್ಕೆ ಒಟ್ಟು 9 ಗಂಟೆಯಂತೆ ಎರಡು ವರ್ಷ, ಇಡೀ ಮೈಗೆ ತರಂಗ ಕೊಟ್ಟರು. ಗಂಡು ಇಲಿಗಳ ಹೃದಯದಲ್ಲಿ, ನರಗಳನ್ನು ಸುತ್ತಿಕೊಂಡಿರುವ ಪೊರೆಯ ಕೋಶಗಳಲ್ಲಿ ಅಪರೂಪದ ಗೆಡ್ಡೆ ಕಂಡಿತು. 'ಸ್ಪಷ್ಟ ಪುರಾವೆ' ಅಂತಲೇ ಅವರು ಬರೆದರು.

ಈಗ ವಿವರ. ಜಾಸ್ತಿ ಪ್ರಮಾಣ ಕೊಟ್ಟ ಗುಂಪಿಗೆ ಕಿಲೋಗೆ 6 ವಾಟ್. ಮನುಷ್ಯರಿಗೆ ಇಡೀ ಮೈಯ ಮಿತಿ 0.08, ಅಂದರೆ ಇದು 75 ಪಟ್ಟು. ಹೆಣ್ಣು ಇಲಿಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ತರಂಗ ತಾಗಿದ ಗಂಡು ಇಲಿಗಳು ತಾಗದವಕ್ಕಿಂತ ಜಾಸ್ತಿ ದಿನ ಬದುಕಿದವು! ಬೇಗ ಸತ್ತ ಕಂಟ್ರೋಲ್ ಇಲಿಗಳಿಗೆ ಮುದಿತನದ ಗೆಡ್ಡೆ ಬರಲು ಸಮಯವೇ ಸಿಗದಿದ್ದಿರಬಹುದು ಎಂಬ ಟೀಕೆ ಬಂತು. ಆ ಟೀಕೆಯೇ ಪೂರ್ತಿ ಉತ್ತರ ಅಂತ ನಾನು ಹೇಳಲಾರೆ.

ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇಡೀ ವಿಷಯವನ್ನು ಮತ್ತೆ ಪರಿಶೀಲಿಸಲು ಬೇರೆ ಬೇರೆ ತಂಡಗಳಿಗೆ ಹೇಳಿತು. ಮನುಷ್ಯರ ಅಧ್ಯಯನ ನೋಡಿದ ತಂಡ 2024ರಲ್ಲಿ 63 ಪ್ರಬಂಧ ತೂಗಿ, ಫೋನ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣುತ್ತಿಲ್ಲ ಅಂದಿತು. ಪ್ರಾಣಿಗಳ ಅಧ್ಯಯನ ನೋಡಿದ ತಂಡ 2025ರಲ್ಲಿ, ಗಂಡು ಇಲಿಗಳ ಹೃದಯ ಮತ್ತು ಮಿದುಳಿನ ಗೆಡ್ಡೆಯ ಪುರಾವೆ ಗಟ್ಟಿಯಾಗಿದೆ ಅಂದಿತು. ಎರಡನ್ನೂ ಒಟ್ಟಿಗೆ ಹೇಳದವರು ನಿಮಗೆ ಅರ್ಧ ಪತ್ರಿಕೆ ಹರಿದು ಕೊಟ್ಟಂತೆ.

ಈ ಸಂಶೋಧನೆಗೆಲ್ಲ ದುಡ್ಡು ಕೊಡೋದು ಮೊಬೈಲ್ ಕಂಪನಿಯವರೇ ಅಲ್ವಾ?

ಕೆಲವಕ್ಕೆ ಹೌದು. ಅದು ಮುಖ್ಯವೂ ಹೌದು. 2007ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 59 ಪ್ರಯೋಗಗಳನ್ನು ದುಡ್ಡು ಕೊಟ್ಟವರ ಪ್ರಕಾರ ಬೇರೆ ಮಾಡಿ ನೋಡಿತು. ಬರೀ ಉದ್ಯಮದ ಹಣದಿಂದ ನಡೆದ 12ರಲ್ಲಿ 'ಪರಿಣಾಮ ಕಂಡಿತು' ಎಂಬ ಫಲಿತಾಂಶ ಉಳಿದವಕ್ಕಿಂತ ತೀರಾ ಕಡಿಮೆ.

ಹಾಗಾಗಿ ದುಡ್ಡು ಯಾರದು ಅಂತ ನೋಡಿ. ಅದರ ಜೊತೆ, ಆ ದುಡ್ಡು ಕೊಟ್ಟವರಿಗೆ ಫಲಿತಾಂಶ ತಡೆಹಿಡಿಯುವ ಅಧಿಕಾರ ಇತ್ತಾ, ಅಧ್ಯಯನದ ಯೋಜನೆಯನ್ನು ಮೊದಲೇ ಬರೆದಿಟ್ಟಿದ್ದರಾ ಅಂತಲೂ ನೋಡಿ. ಮತ್ತೆ, ಭಯದಿಂದ ದುಡ್ಡು ಮಾಡುವವರೂ ಇದ್ದಾರೆ. ಫೋನಿಗೆ ಅಂಟಿಸುವ 'ರೇಡಿಯೇಶನ್ ತಡೆ' ಸ್ಟಿಕ್ಕರ್ ಶಿವಮೊಗ್ಗದ ಜಾತ್ರೆಯಲ್ಲೂ ಕಂಡಿದ್ದೇನೆ.

ತೊಂದ್ರೆ ಇದೆ ಅನ್ನೋ ಪೇಪರ್ ನೂರಾರು ಇವೆ. ಅಷ್ಟೂ ಜನ ತಪ್ಪಾ?

ಅಧ್ಯಯನ ಪಂಚಾಯ್ತಿ ಚುನಾವಣೆಯಲ್ಲ, ತಲೆ ಎಣಿಸಿ ಗೆಲ್ಲಿಸಲು. ಕುದಿಯುವ ಪಾತ್ರೆಯಂಥ ಪೆಟ್ಟಿಗೆಯಲ್ಲಿ ಇಲಿಯಿಟ್ಟು ಉಷ್ಣತೆ ಅಳೆಯದೆ ಬಿಟ್ಟದ್ದೂ ಒಂದು ಪೇಪರ್. ಮಾಮೂಲಿ ಫೋನನ್ನು ಪಂಜರದ ಕೆಳಗಿಟ್ಟು ರಿಂಗ್ ಮಾಡಿದ್ದೂ ಒಂದು ಪೇಪರ್. ಅದರಲ್ಲಿ ಇಲಿ ಬೆಚ್ಚಿದ್ದು ತರಂಗಕ್ಕೋ, ಪಂಜರದ ಅದುರಿಗೋ? ಏನೂ ಕಾಣದ ಪ್ರಯೋಗ ಬಹಳ ಸಲ ಕಪಾಟಿನಲ್ಲೇ ಉಳಿಯುತ್ತದೆ. ಹಾಗಾಗಿ ನಾನು ಎಣಿಸುವ ಮೊದಲು ಹುಡುಕುವುದು ಇಷ್ಟು: ತರಂಗ ಅಳೆದರಾ, ಬಿಸಿ ಅಳೆದರಾ, ಕಂಟ್ರೋಲ್ ಇತ್ತಾ, ಯಾವುದಕ್ಕೆ ತರಂಗ ಕೊಟ್ಟಿದೆ ಅಂತ ಗೊತ್ತಿಲ್ಲದವರು ಲೆಕ್ಕ ಹಾಕಿದರಾ, ಬೇರೆ ಊರಿನವರು ಮಾಡಿದಾಗ ಅದೇ ಬಂತಾ.

ಗುಬ್ಬಿ ಹೋಯ್ತು, ಜೇನು ಹೋಯ್ತು. ಅವಕ್ಕಾದ್ರೂ ತೊಂದ್ರೆ ಇಲ್ಲ ಅಂತೀರಾ?

ಇಲ್ಲ ಅನ್ನುವುದಿಲ್ಲ. ನನಗೆ ತುಂಬ ಇಷ್ಟವಾದ ಅಧ್ಯಯನ ಹಕ್ಕಿಯದೇ. ಅದರಲ್ಲಿ ಪರಿಣಾಮ ಕಂಡಿದೆ.

ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಾಬಿನ್ ಎಂಬ ವಲಸೆ ಹಕ್ಕಿಗಳು ಮರದ ಗುಡಿಸಲಿನೊಳಗೆ ದಿಕ್ಕು ಹಿಡಿಯಲಾರದೆ ಒದ್ದಾಡುತ್ತಿದ್ದವು. ಅವು ಭೂಮಿಯ ಕಾಂತತ್ವದಿಂದ ದಿಕ್ಕು ತಿಳಿಯುವ ಹಕ್ಕಿಗಳು. ಗುಡಿಸಲಿಗೆ ಅಲ್ಯೂಮಿನಿಯಂ ಹಾಳೆ ಹೊಡೆದು ಅರ್ಥಿಂಗ್ ಕೊಟ್ಟರು, ಹಕ್ಕಿ ಸರಿಯಾದ ದಿಕ್ಕಿಗೆ ತಿರುಗಿತು. ಅರ್ಥಿಂಗ್ ತಂತಿ ಕಳಚಿದರು, ಮತ್ತೆ ದಿಕ್ಕು ತಪ್ಪಿತು. ಪ್ರಯೋಗ ಮಾಡುವವರಿಗೂ ಯಾವ ಗುಡಿಸಲಿನಲ್ಲಿ ಏನಿದೆ ಅಂತ ತಿಳಿಸದೆ, ವರ್ಷಗಟ್ಟಲೆ, ಬೇರೆ ಬೇರೆ ವಿದ್ಯಾರ್ಥಿಗಳಿಂದ ಮಾಡಿಸಿ 2014ರಲ್ಲಿ ಪ್ರಕಟಿಸಿದರು. ಯಾರೂ ಸುಲಭವಾಗಿ ತಳ್ಳಿಹಾಕಲಾಗಲಿಲ್ಲ.

ಆದರೆ ತೊಂದರೆ ಕೊಟ್ಟದ್ದು 50 ಕಿಲೋಹರ್ಟ್ಜ್‌ನಿಂದ 5 ಮೆಗಾಹರ್ಟ್ಜ್ ನಡುವಿನ ಗದ್ದಲ. ಮೊಬೈಲ್ ಅದರಿಂದ ಎಷ್ಟೋ ಮೇಲೆ. ನಮ್ಮ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಜ್ ಆ ವ್ಯಾಪ್ತಿಯೊಳಗೆ ಬರುತ್ತದೆ. ಯಾರೂ ಅದರ ವಿರುದ್ಧ ಅರ್ಜಿ ಕೊಟ್ಟದ್ದು ಕಂಡಿಲ್ಲ.

ಗುಬ್ಬಿಯ ವಿಷಯಕ್ಕೆ ಬಂದರೆ, ಟವರ್ ಬಂದ ಕಾಲಕ್ಕೇ ಹೆಂಚಿನ ಮನೆ ಹೋಗಿ ತಾರಸಿ ಬಂತು. ಸೂರಿನ ಸಂದು ಹೋಯಿತು. ಅಂಗಳದಲ್ಲಿ ಭತ್ತ ಬಡಿಯುವುದು ನಿಂತಿತು. ಇವನ್ನು ಬೇರೆ ಮಾಡದೆ ಟವರ್ ಒಂದನ್ನೇ ಹಿಡಿದರೆ ಮತ್ತೆ ಏಡಿಯ ಕತೆ.

5ಜಿ ಬೇರೆಯೇ ಅಂತಾರಲ್ಲ?

ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ 5ಜಿ ಹೆಚ್ಚಾಗಿ ಓಡುವುದು 700 ಮೆಗಾಹರ್ಟ್ಜ್ ಮತ್ತು 3.3 ಗಿಗಾಹರ್ಟ್ಜ್ ಆಸುಪಾಸಿನಲ್ಲಿ. ಇವು ಹಳೆಯದಕ್ಕೆ ಹತ್ತಿರದವೇ. 6 ಗಿಗಾಹರ್ಟ್ಜ್‌ಗಿಂತ ಮೇಲಿನ ತರಂಗದ ಬಗ್ಗೆ 2021ರ ಒಂದು ಪರಿಶೀಲನೆ 107 ಪ್ರಯೋಗಗಳನ್ನು ನೋಡಿ, ಹಾನಿಗೆ ದೃಢವಾದ ಪುರಾವೆ ಇಲ್ಲ, ಜೊತೆಗೆ ಪ್ರಯೋಗಗಳ ಗುಣಮಟ್ಟವೂ ಸಾಲದು ಅಂದಿತು. ಎರಡನೇ ಅರ್ಧವನ್ನು ಕಂಪನಿಯವರು ಹೇಳುವುದಿಲ್ಲ, ಮೊದಲ ಅರ್ಧವನ್ನು ಉಳಿದವರು ಹೇಳುವುದಿಲ್ಲ.

ಎಲ್ಲಾ ಯುರೋಪು ಅಮೆರಿಕದ್ದೇ ಆಯ್ತು. ನಮ್ಮ ಮಲೆನಾಡಲ್ಲೇ ಒಂದು ಒಳ್ಳೆ ಅಧ್ಯಯನ ಮಾಡಕ್ಕಾಗಲ್ವಾ?

ಇದನ್ನು ಕೇಳಿದವಳು ಬಿಎಸ್‌ಸಿ ಓದುತ್ತಿರುವ ನನ್ನ ಹಳೇ ವಿದ್ಯಾರ್ಥಿನಿ. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಕ್ಯಾನ್ಸರಿನ ಅಧ್ಯಯನ ಇಲ್ಲಿ ಆಗದ ಮಾತು. ಮಿದುಳಿನ ಕ್ಯಾನ್ಸರ್ ವರ್ಷಕ್ಕೆ ಲಕ್ಷದಲ್ಲಿ ಕೆಲವರಿಗೆ ಮಾತ್ರ. ಒಂದು ತಾಲ್ಲೂಕಿನಲ್ಲಿ ಬೆರಳೆಣಿಕೆ. ಅದರಲ್ಲಿ ಒಂದು ಹೆಚ್ಚಾದರೂ ಕಡಿಮೆಯಾದರೂ ಅರ್ಥ ಹೇಳಲಾಗದು. ಇನ್ನು ಟವರ್ ಇರುವುದು ರಸ್ತೆ, ಪೇಟೆ ಇರುವಲ್ಲಿ. ಅಲ್ಲಿನವರು ಮಣಿಪಾಲಕ್ಕೋ ಬೆಂಗಳೂರಿಗೋ ಬೇಗ ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ, ಕಾಯಿಲೆ ಲೆಕ್ಕಕ್ಕೆ ಬರುತ್ತದೆ. ಕಾಡಿನೊಳಗಿನ ಮನೆಯವರದು ಬರುವುದೇ ಇಲ್ಲ. ಟವರಿಗೂ ಕ್ಯಾನ್ಸರಿಗೂ ಸುಮ್ನೆ ನಂಟು ಕಾಣುತ್ತದೆ. ಕವಳ, ತೋಟದ ಔಷಧಿ, ಒಲೆಯ ಹೊಗೆ, ಇವನ್ನೂ ಬೇರೆ ಮಾಡಬೇಕು.

ಆಗುವಂಥದ್ದು ಬೇರೆ ಇದೆ. ಯಾರ ಮೈಗೆ ದಿನವಿಡೀ ಎಷ್ಟು ತರಂಗ ತಾಗುತ್ತದೆ ಅಂತ ಮೊದಲು ಅಳೆಯುವುದು. ಸೊಂಟಕ್ಕೆ ಕಟ್ಟುವ ಮೀಟರ್ ಒಂದನ್ನು ಒಬ್ಬ ಕೊನೆಗೌಡರಿಗೆ, ಒಬ್ಬ ಟೀಚರಿಗೆ, ಸಾಗರದಿಂದ ಹಳ್ಳಿಗೆ ಓಡುವ ಬಸ್ಸಿನ ಕಂಡಕ್ಟರಿಗೆ ಒಂದೊಂದು ವಾರ ಕೊಡುವುದು. ಸಿಗ್ನಲ್ ಇರುವ ಊರು, ಇಲ್ಲದ ಊರು, ಮಳೆಗಾಲ, ಬೇಸಿಗೆ. ಹೋಲಿಸಿ ನೋಡುವುದು. ಇದು ಸರಿಯಾಗಿ ಆದರೆ ಮುಂದಿನವರು ದೂರವನ್ನು ಮಾರು ಹಾಕಿ ಅಳೆಯಬೇಕಾಗಿಲ್ಲ.

ಮೂರು ಪುಟದ ಯೋಜನೆ ಬರೆದಿಟ್ಟಿದ್ದಾಳೆ. ಕಂಡಕ್ಟರ್ ಒಪ್ಪಿದ್ದಾರೆ, ಟೀಚರ್ ಒಪ್ಪಿದ್ದಾರೆ. ಕೊನೆಗೌಡರು ಮರ ಹತ್ತುವಾಗ ಸೊಂಟಕ್ಕೆ ಇನ್ನೇನೂ ಕಟ್ಟುವುದಿಲ್ಲ, ಬೇಕಾದರೆ ಏಣಿಗೆ ಕಟ್ಟಿ ಅಂದಿದ್ದಾರೆ. ಮೀಟರ್ ಇನ್ನೂ ಸಿಕ್ಕಿಲ್ಲ.